ಒಲೆಯ ಮೇಲಿನ ಬಾಚಣಿಗೆ

ನಮ್ಮ ಮನೆಗಳಲ್ಲಿ ಬಾಚಣಿಗೆ ಎರಡು ಮೂರು ಬಗೆಯವು ಇರುತ್ತವೆ. ಸಿಕ್ಕು ಬಿಡಿಸಲು ಅಗಲ ಹಲ್ಲಿನದು, ತಲೆ ಬಾಚಲು ಸಣ್ಣ ಹಲ್ಲಿನದು, ಹೇನು ತೆಗೆಯಲು ಸೀರಣಿಗೆ. ಉತ್ತರ ಕರ್ನಾಟಕದ ಕಡೆ ಹಣಿಗೆ ಅನ್ನುತ್ತಾರೆ. ಮರದ್ದಿರಲಿ, ಪ್ಲಾಸ್ಟಿಕ್ಕಿನದಿರಲಿ, ಯಾವುದನ್ನೂ ನಾವು ಒಲೆಯ ಮೇಲೆ ಇಡುವುದಿಲ್ಲ. ಆದರೆ ಕಾಯಿಸಿಯೇ ಬಳಸಬೇಕಾದ ಬಾಚಣಿಗೆಯೊಂದಿದೆ. ಹಲ್ಲು ಲೋಹದ್ದು, ಹಿಡಿ ಮರದ್ದು. ಇಂಗ್ಲಿಷಿನಲ್ಲಿ ಹಾಟ್ ಕೋಂಬ್, ಪ್ರೆಸ್ಸಿಂಗ್ ಕೋಂಬ್ ಎಂಬ ಹೆಸರುಗಳಿವೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಇದು ಗುಂಗುರು ಕೂದಲಿನ ಸುರುಳಿ ಬಿಡಿಸಿ ನೇರ ಮಾಡುತ್ತದೆ.

ಅಮೆರಿಕದ ಕಪ್ಪು ಜನರ ಮನೆಗಳಲ್ಲಿ 20ನೇ ಶತಮಾನದ ಬಹುಕಾಲ ಇದು ಅಡುಗೆಮನೆಯ ಸಾಮಾನು. ಮರುದಿನ ಭಾನುವಾರ ಚರ್ಚಿಗೆ ಹೋಗಬೇಕು. ಶನಿವಾರವೇ ತಾಯಿ ಒಲೆಯ ಪಕ್ಕ ಕೂತು ಮಗಳ ತಲೆಗೆ ಎಣ್ಣೆ ಸವರಿ ಈ ಬಾಚಣಿಗೆ ಎಳೆಯುತ್ತಿದ್ದಳು. ಬಿಸಿ ತಗುಲದಿರಲೆಂದು ಮಗು ತನ್ನ ಕಿವಿಯನ್ನು ತಾನೇ ಮಡಚಿ ಹಿಡಿದುಕೊಳ್ಳಬೇಕು. ಹೆಡಕಿನ ಮೇಲೆ ಅತಿ ಬಿಗಿಯಾಗಿ ಸುತ್ತಿಕೊಂಡಿರುವ ಪುಟ್ಟ ಕೂದಲಿಗೆ ಅವರ ಆಡುಮಾತಿನಲ್ಲಿ 'ಕಿಚನ್' ಎಂದೇ ಹೆಸರು.

ಇವತ್ತು ಇಂಥ ಬಾಚಣಿಗೆ ಕೊಳ್ಳಲು ಹೊರಟರೆ ಹತ್ತಾರು ಬಗೆ ಕಾಣುತ್ತವೆ. ಹಿತ್ತಾಳೆಯದು, ಉಕ್ಕಿನದು, ಕರೆಂಟಿನದು, ಅಗಲ ಹಲ್ಲಿನದು, ಕಿರುಬೆರಳಷ್ಟು ಸಣ್ಣದು. ಯಾವ ಕೂದಲಿಗೆ ಯಾವುದು ಎಂಬುದು ಕೊಳ್ಳುವವರ ಮೊದಲ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಬಡ ಕಪ್ಪು ಹೆಂಗಸರು. ಆ ಉತ್ತರದಿಂದ ಅವರಿಗೊಂದು ಕಸುಬು ಸಿಕ್ಕಿತು, ಆ ಕಸುಬಿನಿಂದ ಮತದಾನದ ಹಕ್ಕಿನ ಹೋರಾಟಕ್ಕೂ ಬಲ ಬಂತು. ಅದೇ ಬಾಚಣಿಗೆ ಅವರ ತಲೆಯ ಮೇಲಿನ ಹೊರೆಯೂ ಆಗಿತ್ತು. ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಬಾಚಣಿಗೆಯ ಕಥೆ ಅರ್ಧವೇ ಆಗುತ್ತದೆ ಎಂಬುದು ನಮ್ಮ ಅನಿಸಿಕೆ.

ಮೊದಲು ಕೂದಲಿನ ವಿಷಯ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗೆ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ಮುಖ್ಯ. ಒಂದು ಜಲಜನಕದ ಬಂಧ. ಇದು ದುರ್ಬಲ, ಬಿಸಿಗೂ ನೀರಿಗೂ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಇನ್ನೊಂದು ಗಂಧಕದ ಬಂಧ. ಇದು ಗಟ್ಟಿ, ರಾಸಾಯನಿಕ ಹಾಕದೆ ಬಿಡುವುದಿಲ್ಲ. ಕಾದ ಬಾಚಣಿಗೆ ಮೊದಲನೆಯದನ್ನಷ್ಟೇ ಸಡಿಲಿಸಿ ಕೂದಲನ್ನು ಎಳೆದು ನೇರ ಮಾಡುತ್ತದೆ. ಅದಕ್ಕೇ ಒಂದು ಮಳೆ ಬಂದರೆ, ಸೆಖೆಗೆ ತಲೆ ಬೆವತರೆ, ಗಂಟೆಗಟ್ಟಲೆ ಮಾಡಿದ ಕೆಲಸ ನೀರುಪಾಲು. ಕೂದಲು ತನ್ನ ಹುಟ್ಟುಗುಣಕ್ಕೆ ಮರಳುತ್ತದೆ. ತೊಳೆದರೆ ಹೋಗುವ ಈ ಗುಣವೇ ಬಾಚಣಿಗೆಯ ಕೊರತೆಯೂ ಹೌದು, ದೊಡ್ಡಗುಣವೂ ಹೌದು.

ಬಿಗಿ ಸುರುಳಿಯ ಕೂದಲಿಗೆ ಅದರದೇ ಕಷ್ಟಗಳಿವೆ. ನೆತ್ತಿಯಲ್ಲಿ ಒಸರುವ ಎಣ್ಣೆ ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ನಿಂತುಬಿಡುತ್ತದೆ. ಹಾಗಾಗಿ ಕೂದಲು ಬೇಗ ಒಣಗುತ್ತದೆ, ತಿರುವುಗಳಲ್ಲಿ ಮುರಿಯುತ್ತದೆ. ಇಂಥ ಕೂದಲಿಗೆ ಬೇಕಾದದ್ದು ಎಣ್ಣೆ, ನಿಧಾನ ಮತ್ತು ಸಮಯ. ಗುಲಾಮಗಿರಿ ಕಸಿದುಕೊಂಡದ್ದು ಇವನ್ನೇ. ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ಹತ್ತಿಯ ಹೊಲದಲ್ಲಿ ದುಡಿಯುವವರಿಗೆ ತಲೆ ಬಾಚಿಕೊಳ್ಳುವ ಬಿಡುವೆಲ್ಲಿ? ಆಫ್ರಿಕದಲ್ಲಿ ಅವರ ಹಿರಿಯರ ಬಳಿಯಿದ್ದ ಹೆಣಿಗೆ, ಹಣಿಗೆ ಎರಡೂ ದಾರಿಯಲ್ಲಿ ಕಳೆದುಹೋಗಿದ್ದವು. ಹೆಚ್ಚಿನ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ದಿನ ದೂಡಿದರು.

ಕೂದಲಿನ ಮೇಲೆ ಕಾನೂನಿನ ಕಣ್ಣೂ ಇತ್ತು. ಲೂಯಿಸಿಯಾನಾ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1786ರಲ್ಲಿ, ಅಲ್ಲಿನ ಗವರ್ನರ್ ಎಸ್ತೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ. ಗುಲಾಮರಲ್ಲದ ಕಪ್ಪು ಹೆಂಗಸರು ಕೂಡ ತಮ್ಮ ಕೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು ಎಂಬುದು ಅದರ ತಿರುಳು. ಅವರ ಕೇಶಾಲಂಕಾರ ಬಿಳಿಯರ ಕಣ್ಣು ಕುಕ್ಕುತ್ತಿತ್ತು. ಆ ಹೆಂಗಸರು ಸುಮ್ಮನಿರಲಿಲ್ಲ. ಬಣ್ಣಬಣ್ಣದ ಬಟ್ಟೆಗಳನ್ನು ಅಂದವಾಗಿ ಸುತ್ತಿ, ಆಜ್ಞೆಯನ್ನೇ ಅಲಂಕಾರ ಮಾಡಿಕೊಂಡರು.

ಇನ್ನು ಬಾಚಣಿಗೆಯ ಹುಟ್ಟು. ಕಾಯಿಸಿದ ಲೋಹದಿಂದ ಕೂದಲಿನ ಆಕಾರ ಬದಲಿಸುವ ಕಲೆ ಹೆಸರಾದದ್ದು ಪ್ಯಾರಿಸ್ಸಿನಲ್ಲಿ. ಮಾರ್ಸೆಲ್ ಗ್ರಾಟೊ ಎಂಬ ಕ್ಷೌರಿಕ 1872ರ ಸುಮಾರಿಗೆ ಕಾದ ಇಕ್ಕಳದಿಂದ ಕೂದಲಿಗೆ ಅಲೆ ಕೊಡುವ ವಿದ್ಯೆಯನ್ನು ಪ್ರಸಿದ್ಧಿಗೆ ತಂದ. ಅವನ ಗಿರಾಕಿಗಳು ಬಿಳಿ ಹೆಂಗಸರು. ಲೋಹದ ಬಾಚಣಿಗೆಗಳು ಕೂಡ ಮೊದಲು ಮಾರಾಟವಾದದ್ದು ಅವರಿಗೇ. ಅಂದರೆ ಕೂದಲು ನೇರವಾಗಬೇಕು, ಅಲೆ ಏಳಬೇಕು ಎಂಬ ಆಸೆ ಕಪ್ಪು ಜನರದ್ದು ಮಾತ್ರ ಆಗಿರಲಿಲ್ಲ. ಆದರೆ ಬಿಳಿ ಹೆಂಗಸಿಗೆ ಅದು ಹಬ್ಬದ ದಿನದ ಶೋಕಿ. ಕಪ್ಪು ಹೆಂಗಸಿಗೆ ಕೆಲಸ ಸಿಗುವುದೂ ಬಿಡುವುದೂ ಅದರ ಮೇಲೆ ನಿಂತಿತ್ತು.

ಈ ಉಪಕರಣವನ್ನು ಕಪ್ಪು ಹೆಂಗಸರ ಕೈಗೆ ತಂದುಕೊಟ್ಟವರ ಸಾಲಿನಲ್ಲಿ ಇಬ್ಬರ ಹೆಸರು ದೊಡ್ಡದು. ಒಬ್ಬಾಕೆ ಆನ್ನೀ ಟರ್ನ್‌ಬೋ ಮ್ಯಾಲೋನ್. ಇಲಿನಾಯ್ ರಾಜ್ಯದಲ್ಲಿ ಹುಟ್ಟಿ, ನೆತ್ತಿಗೆ ಹಚ್ಚುವ ಔಷಧವನ್ನು ತಾನೇ ತಯಾರಿಸಿ ಮನೆಮನೆಗೆ ಮಾರುತ್ತ, 1902ರಲ್ಲಿ ಸೇಂಟ್ ಲೂಯಿಸ್ ನಗರಕ್ಕೆ ಬಂದವಳು. 'ಪೋರೋ' ಎಂಬುದು ಆಕೆಯ ಸರಕಿನ ಹೆಸರು. ಮುಂದೆ 1918ರಲ್ಲಿ ಅದೇ ಊರಿನಲ್ಲಿ ಪೋರೋ ಕಾಲೇಜು ಎಂಬ ದೊಡ್ಡ ಕಟ್ಟಡ ಎಬ್ಬಿಸಿ ಹುಡುಗಿಯರಿಗೆ ಕಸುಬು ಕಲಿಸಿದಳು.

ಇನ್ನೊಬ್ಬಾಕೆ ಆಕೆಯ ಬಳಿಯೇ ಸರಕು ಮಾರುವ ಏಜೆಂಟಳಾಗಿದ್ದವಳು. ಹೆಸರು ಸಾರಾ ಬ್ರೀಡ್‌ಲವ್. 1867ರಲ್ಲಿ ಲೂಯಿಸಿಯಾನಾದ ಡೆಲ್ಟಾ ಎಂಬಲ್ಲಿ ಹುಟ್ಟಿದಳು. ತಂದೆ ತಾಯಿ ಗುಲಾಮರಾಗಿದ್ದವರು, ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಈಕೆ. ಏಳು ವರ್ಷಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ, ಕಂಕುಳಲ್ಲಿ ಒಂದು ಹೆಣ್ಣುಕೂಸು. ಸೇಂಟ್ ಲೂಯಿಸ್‌ನಲ್ಲಿ ಬಟ್ಟೆ ಒಗೆದು ಬದುಕಿದಳು. ತಲೆಯ ಕೂದಲು ಉದುರತೊಡಗಿತು. ಆಗಿನ ಕಾಲದಲ್ಲಿ ಮನೆಯೊಳಗೆ ನಲ್ಲಿ ನೀರಿಲ್ಲದ ಬಡವರು ತಲೆಸ್ನಾನ ಮಾಡುತ್ತಿದ್ದದ್ದೇ ಅಪರೂಪ, ನೆತ್ತಿಯ ರೋಗ ಸಾಮಾನ್ಯವಾಗಿತ್ತು. ಅದಕ್ಕೆ ಔಷಧ ಹುಡುಕುತ್ತ ಹೊರಟವಳು 1905ರಲ್ಲಿ ಡೆನ್ವರಿಗೆ ಹೋದಳು. ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವನನ್ನು ಮದುವೆಯಾಗಿ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ತನ್ನದೇ ವ್ಯಾಪಾರ ಶುರು ಮಾಡಿದಳು. 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿ ಕಾರ್ಖಾನೆ ಕಟ್ಟಿದಳು.

ಕಾದ ಬಾಚಣಿಗೆ ಕಂಡುಹಿಡಿದವಳು ಮೇಡಂ ವಾಕರ್ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಆಕೆ ವ್ಯಾಪಾರಕ್ಕೆ ಇಳಿಯುವ ಮೊದಲೇ ಬಾಚಣಿಗೆ ಪೇಟೆಯಲ್ಲಿತ್ತು. ಅಮೆರಿಕದಲ್ಲಿ ಇದರ ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದವರಲ್ಲಿ ಒಬ್ಬ ಫಿಲಡೆಲ್ಫಿಯಾದ ವಾಲ್ಟರ್ ಸ್ಯಾಮನ್ಸ್, ಅದು 1920ರ ಡಿಸೆಂಬರಿನಲ್ಲಿ, ವಾಕರ್ ತೀರಿಕೊಂಡ ಮರುವರ್ಷ. ವಾಕರ್ ಮಾಡಿದ್ದು ಬೇರೆಯ ಕೆಲಸ. ನೆತ್ತಿ ತೊಳೆಯುವುದು, ಮುಲಾಮು ಹಚ್ಚುವುದು, ಎಣ್ಣೆ ಸವರಿ ಬಾಚಣಿಗೆ ಹಾಕುವುದು, ಇಷ್ಟನ್ನೂ ಒಂದು ಪದ್ಧತಿಯಾಗಿ ಜೋಡಿಸಿ, ಅದನ್ನು ಸಾವಿರಾರು ಹೆಂಗಸರಿಗೆ ಕಲಿಸಿದಳು. ತನ್ನನ್ನು ಕೂದಲು ನೇರ ಮಾಡುವವಳು ಎಂದು ಕರೆದರೆ ಆಕೆಗೆ ಹಿಡಿಸುತ್ತಿರಲಿಲ್ಲ. ಕೂದಲು ಬೆಳೆಸುವವಳು ಎಂದೇ ಹೇಳಿಕೊಳ್ಳುತ್ತಿದ್ದಳು.

ಈಗ ಕಸುಬಿನ ಒಳಗೆ ಇಳಿಯೋಣ. ಒಳ್ಳೆಯ ಕೆಲಸಗಾತಿ ಬಾಚಣಿಗೆಗೆ ಕೈ ಹಾಕುವ ಮೊದಲು ಕೂದಲನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾಳೆ. ಯಾಕೆಂದರೆ ಇಲ್ಲಿ ಎರಡು ಸಂಗತಿ ಬೇರೆ ಬೇರೆ. ಒಂದು, ಸುರುಳಿ ಎಷ್ಟು ಬಿಗಿ ಎಂಬುದು. ಇನ್ನೊಂದು, ಒಂದೊಂದು ಎಳೆ ಎಷ್ಟು ದಪ್ಪ ಎಂಬುದು. ಸುರುಳಿ ದೂರದಿಂದಲೇ ಕಣ್ಣಿಗೆ ಕಾಣುತ್ತದೆ. ಎಳೆಯ ದಪ್ಪ ಬೆರಳಿಗೆ ಮಾತ್ರ ತಿಳಿಯುತ್ತದೆ. ಅತಿ ಬಿಗಿ ಸುರುಳಿಯ ಕೂದಲು ನೋಡಲು ಒರಟು, ಆದರೆ ಅದರ ಎಳೆ ಎಷ್ಟೋ ಸಲ ರೇಷ್ಮೆಯಷ್ಟು ತೆಳು. ಹೊಸಬರು ಬಿಗಿ ಸುರುಳಿ ಕಂಡ ಕೂಡಲೇ ಹೆಚ್ಚು ಬಿಸಿ ಬೇಕು ಅಂದುಕೊಂಡು ಕೂದಲು ಸುಡುತ್ತಾರೆ. ಕೈ ಪಳಗಿದವರು ಬೆರಳಿನ ಮಾತು ಕೇಳುತ್ತಾರೆ.

ತೆಳು ಎಳೆಯ ಕೂದಲಿಗೆ ಕಡಿಮೆ ಬಿಸಿ ಸಾಕು. ಕರೆಂಟಿನ ಬಾಚಣಿಗೆಯಾದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನ ಒಳಗೆ ಇಡುವುದು ಕ್ಷೇಮ. ನಡುತರದ ಎಳೆಗೆ ಅದಕ್ಕಿಂತ ತುಸು ಹೆಚ್ಚು. ದಪ್ಪ, ಗಟ್ಟಿ ಎಳೆಗೆ 200ರ ಹತ್ತಿರ. ಅದಕ್ಕೂ ಮೇಲೆ ಹೋದರೆ ಕೆರಾಟಿನ್ನೇ ಕೆಡತೊಡಗುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ಸುರುಳಿ ಮರಳಿ ಬರುವುದಿಲ್ಲ. ಬಣ್ಣ ಹಾಕಿದ ಕೂದಲು, ನರೆತ ಕೂದಲು, ಹಣೆಯಂಚಿನ ಎಳಸು ಕೂದಲು, ಇವೆಲ್ಲಕ್ಕೂ ಬಿಸಿ ಇನ್ನೂ ಕಮ್ಮಿ ಇರಬೇಕು.

ಹಲ್ಲಿನ ವಿಷಯಕ್ಕೆ ಬಂದರೆ, ಅಗಲ ಹಲ್ಲಿನ ಬಾಚಣಿಗೆ ದಟ್ಟ ಕೂದಲಿನಲ್ಲಿ ಸಿಕ್ಕಿಕೊಳ್ಳದೆ ಸಾಗುತ್ತದೆ, ಕೂದಲು ಉಬ್ಬಿಕೊಂಡು ತುಂಬಿದ ಹಾಗೆ ಕಾಣುತ್ತದೆ. ಒತ್ತು ಹಲ್ಲಿನದು ಎಳೆ ಎಳೆಯನ್ನೂ ಹಿಡಿಯುತ್ತದೆ, ಕೂದಲು ನುಣುಪಾಗಿ ಮಲಗುತ್ತದೆ. ಕೂದಲು ಗಿಡ್ಡವಿದ್ದರೆ, ಕಪಾಲ, ಹೆಡಕುಗಳ ಹತ್ತಿರ ಕೆಲಸವಿದ್ದರೆ ಸಣ್ಣ ಬಾಚಣಿಗೆಯೇ ಬೇಕು. ಲೋಹದಲ್ಲಿ ಒಳ್ಳೆಯ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲು. ಬಿಸಿ ಎಲ್ಲ ಹಲ್ಲುಗಳಿಗೂ ಸಮನಾಗಿ ಹರಡಬೇಕು, ಬೇಗ ಆರಬಾರದು, ಅದೇ ಪರೀಕ್ಷೆ. ಹಿಡಿ ಮರದ್ದಿದ್ದರೆ ಕೈ ಸುಡುವುದಿಲ್ಲ. ಹೊಸ ದೋಸೆ ಹೆಂಚನ್ನು ಎಣ್ಣೆ ಹಚ್ಚಿ ಪಳಗಿಸುವ ಹಾಗೆ ಹೊಸ ಬಾಚಣಿಗೆಯನ್ನೂ ಚೆನ್ನಾಗಿ ಕಾಯಿಸಿ, ವ್ಯಾಸಲೀನ್ ಸವರಿ, ಆರಲು ಬಿಟ್ಟು ಪಳಗಿಸುತ್ತಾರೆ. ಹಲ್ಲಿಗೆ ಹಿಡಿದ ಕರಿಯನ್ನು ಆಗಾಗ ಅಡುಗೆ ಸೋಡದಿಂದ ಉಜ್ಜಿ ತೆಗೆಯುತ್ತಾರೆ.

ಒಲೆಯಲ್ಲಿ ಕಾಯಿಸುವ ಬಾಚಣಿಗೆಗೆ ಡಿಗ್ರಿ ತೋರಿಸುವ ಮುಳ್ಳಿಲ್ಲ. ಅದಕ್ಕೆ ಹೆಂಗಸರು ಕಂಡುಕೊಂಡ ಉಪಾಯ ಬಿಳಿ ಕಾಗದ. ಕಾದ ಬಾಚಣಿಗೆಯನ್ನು ಕಾಗದದ ಮೇಲೆ ಒತ್ತಬೇಕು. ಕಾಗದ ಕಂದಿದರೆ, ಸುಟ್ಟ ವಾಸನೆ ಬಂದರೆ, ತಲೆಗೆ ತಾಗಿಸುವಂತಿಲ್ಲ, ಆರಲು ಬಿಡಬೇಕು. ಆಮೇಲೆ ಒತ್ತುವುದರಲ್ಲೂ ಮೂರು ಹದ. ಮೆದು ಒತ್ತಿನಲ್ಲಿ ಸುರುಳಿಯ ಅರ್ಧಕ್ಕಿಂತ ತುಸು ಹೆಚ್ಚು ಬಿಡುತ್ತದೆ, ನಡು ಒತ್ತಿನಲ್ಲಿ ಮುಕ್ಕಾಲು ಪಾಲಿನ ತನಕ, ಗಟ್ಟಿ ಒತ್ತಿನಲ್ಲಿ ಪೂರ್ತಿ. ಗಟ್ಟಿ ಒತ್ತಿಗೆ ಒಂದೊಂದು ಬದಿಗೂ ಎರಡೆರಡು ಸಲ ಬಾಚಣಿಗೆ ಹಾಯಿಸಬೇಕು. ಎಷ್ಟು ಸುರುಳಿ ಉಳಿಯಬೇಕು ಎಂಬುದನ್ನು ತಲೆಯ ಒಡತಿ ಹೇಳಬೇಕು. ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನು ಕೆಲಸಗಾತಿ ಹೇಳಬೇಕು.

ಇಷ್ಟೆಲ್ಲ ತಿಳಿವಳಿಕೆ ಅಡುಗೆಮನೆಗಳಲ್ಲೂ ಹಿಂಬದಿಯ ಕೋಣೆಗಳಲ್ಲೂ ಹುಟ್ಟಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಶಾಲೆಯ ಪಾಠವಾಯಿತು. ಅದರ ಬೆಲೆ ಗೊತ್ತಾಗಬೇಕಾದರೆ ಆ ಹೆಂಗಸರಿಗೆ ಆಗ ಬೇರೆ ಯಾವ ಕೆಲಸ ಸಿಗುತ್ತಿತ್ತು ಎಂದು ನೋಡಬೇಕು. ಹೊಲದ ಕೂಲಿ, ಬಿಳಿಯರ ಮನೆಯ ಅಡುಗೆ, ಬಿಳಿಯರ ಬಟ್ಟೆಯ ಗಂಟು. ಅದು ಬಿಟ್ಟರೆ ಶಾಲೆಯ ಮೇಷ್ಟ್ರ ಕೆಲಸ, ಅದೂ ಕೆಲವರಿಗೆ ಮಾತ್ರ.

ಕಪ್ಪು ಸಮಾಜದೊಳಗೆ ಇದಕ್ಕೆ ವಿರೋಧವೂ ಇತ್ತು. ಬಿಳಿಯರನ್ನು ಅನುಕರಿಸುವ ಚಟವಿದು ಎಂದು ಪಾದ್ರಿಗಳೂ ಮುಖಂಡರೂ ಬೈದರು. ದೊಡ್ಡ ನಾಯಕ ಬುಕರ್ ಟಿ. ವಾಷಿಂಗ್ಟನ್ನರಿಗೆ ಈ ವ್ಯಾಪಾರದ ಬಗ್ಗೆ ಒಲವಿರಲಿಲ್ಲ. 1912ರಲ್ಲಿ ಷಿಕಾಗೊದಲ್ಲಿ ನಡೆದ ಕಪ್ಪು ವ್ಯಾಪಾರಿಗಳ ಸಮ್ಮೇಳನದಲ್ಲಿ ಅವರು ವಾಕರ್‌ಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಆಕೆ ಕರೆಯದಿದ್ದರೂ ಎದ್ದು ನಿಂತು, ಹತ್ತಿ ಹೊಲದಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ತಾನು ಬಂದ ದಾರಿಯನ್ನು ಸಭೆಗೆ ಹೇಳಿದಳು. ಮರುವರ್ಷದ ಸಮ್ಮೇಳನಕ್ಕೆ ಅವರೇ ಆಕೆಯನ್ನು ಭಾಷಣಕ್ಕೆ ಕರೆಯಬೇಕಾಯಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮಲ್ಲಿ ಗಾದೆ ಇದೆ. ಕಪ್ಪು ಹೆಂಗಸರನ್ನು ಬೈದವರ ಮಾತಿನ ಧಾಟಿಯೂ ಇದೇ. ಆದರೆ ಈ ಕಥೆಯಲ್ಲಿ ಹೊಟ್ಟೆಗೆ ಹಿಟ್ಟು ಬಂದದ್ದೇ ಜುಟ್ಟಿನಿಂದ. 1917ರಲ್ಲಿ ವಾಕರ್ ತನ್ನ ಏಜೆಂಟರನ್ನೆಲ್ಲ ಫಿಲಡೆಲ್ಫಿಯಾದಲ್ಲಿ ಒಟ್ಟುಗೂಡಿಸಿದಾಗ 200ಕ್ಕೂ ಹೆಚ್ಚು ಹೆಂಗಸರು ಬಂದರು. ಹೆಚ್ಚು ಮಾರಾಟ ಮಾಡಿದವರಿಗಷ್ಟೇ ಅಲ್ಲ, ತಮ್ಮ ಊರಿನ ಧರ್ಮಕಾರ್ಯಕ್ಕೆ ಹೆಚ್ಚು ಕೊಟ್ಟವರಿಗೂ ಬಹುಮಾನವಿತ್ತು. ಅದೇ ಬೇಸಿಗೆಯಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಬಿಳಿಯರ ಗುಂಪು ಕಪ್ಪು ಜನರ ಮೇಲೆ ಬಿದ್ದು ಕೊಂದಿತ್ತು. ಸಭೆ ಸೇರಿದ ಹೆಂಗಸರು ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ ತಂತಿ ಕಳಿಸಿ, ಗುಂಪು ಹತ್ಯೆಯ ವಿರುದ್ಧ ಕಾನೂನು ತರಬೇಕೆಂದು ಕೇಳಿದರು. ಕೂದಲಿನ ಎಣ್ಣೆ ಮಾರುವವರ ಸಭೆಯ ನಿರ್ಣಯ ಅದು.

ಈ ಸ್ವತಂತ್ರ ದುಡಿಮೆಯ ಫಲ ಪೂರ್ತಿ ಕಂಡದ್ದು ನಲವತ್ತು ವರ್ಷಗಳ ಬಳಿಕ, ದಕ್ಷಿಣ ಕರೋಲಿನಾದಲ್ಲಿ. ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಶಾಲೆಯೇ ಸಿಗದ ಕಪ್ಪು ರೈತರು ಓದುವುದು ಹೇಗೆ? ಕಲಿಸಲು ಹೊರಟ ಸರ್ಕಾರಿ ಶಿಕ್ಷಕರ ಕೆಲಸಕ್ಕೇ ಕುತ್ತು. ಸೆಪ್ಟಿಮಾ ಕ್ಲಾರ್ಕ್ ಎಂಬ ಹಿರಿಯ ಶಿಕ್ಷಕಿ ಕಪ್ಪು ಜನರ ಹಕ್ಕಿನ ಸಂಘಟನೆಯ ಸದಸ್ಯತ್ವ ಬಿಡಲೊಪ್ಪದ್ದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡರು.

ಜಾನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆ ತೆರೆಯಬೇಕೆಂದಾಗ ಸೆಪ್ಟಿಮಾ ಆರಿಸಿದ್ದು ತನ್ನ ಸಂಬಂಧಿ ಬರ್ನೀಸ್ ರಾಬಿನ್ಸನ್ನರನ್ನು. ಬರ್ನೀಸ್ ಶಿಕ್ಷಕಿಯಲ್ಲ, ಚಾರ್ಲ್ಸ್‌ಟನ್ನಿನಲ್ಲಿ ಹೆಂಗಸರ ತಲೆಗೂದಲಿನ ಕೆಲಸ ಮಾಡುತ್ತಿದ್ದವರು. ಆರಿಸಲು ಒಂದು ಕಾರಣ ಅದೇ. ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರು, ಅನ್ನ ಕೊಡುತ್ತಿದ್ದದ್ದು ಅವರ ಕೈಯ ಕಸುಬು. ಕೆಲಸದಿಂದ ತೆಗೆದುಹಾಕಲು ಬಿಳಿ ಯಜಮಾನನೇ ಇರಲಿಲ್ಲ. 1957ರ ಜನವರಿ 7ರಂದು ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ 14 ಮಂದಿಯೊಂದಿಗೆ ಪಾಠ ಶುರುವಾಯಿತು. ಮುಂದೆ ಅಂಗಡಿ ಇದ್ದದ್ದರಿಂದ ಹಿಂದೆ ಶಾಲೆ ನಡೆಯುವುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಏನು ಕಲಿಯಬೇಕು ನಿಮಗೆ ಎಂದು ಬರ್ನೀಸ್ ಮೊದಲು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಮನಿಯಾರ್ಡರ್ ಫಾರಂ ತುಂಬಬೇಕು, ಓದಬೇಕು ಎಂದರು. ಅಲ್ಲಿಂದಲೇ ಪಾಠ ಹಿಡಿದರು. ತಲೆಗೆ ಕೈ ಹಾಕುವ ಮೊದಲು ಏನು ಬೇಕೆಂದು ಕೇಳುವ ಕಸುಬಿನವರಿಗೆ ಈ ಕ್ರಮ ಹೊಸದಲ್ಲ. ಈ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಅವುಗಳ ಹೊಣೆ ಹೊತ್ತಿತು. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ವೀರಾ ಪಿಗೀ ಎಂಬಾಕೆ ತನ್ನ ಬ್ಯೂಟಿ ಪಾರ್ಲರಿನಲ್ಲೇ ಇಂಥ ತರಗತಿ ನಡೆಸಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಬಾಚಣಿಗೆಗೆ ಹಾರ ಹಾಕಿದಂತಾದೀತು. ಕುರ್ಚಿಯಲ್ಲಿ ಕೂತವರ ಕಡೆಯಿಂದಲೂ ನೋಡಬೇಕು. ಸುಟ್ಟ ಕಿವಿ, ಸುಟ್ಟ ಹಣೆಯಂಚು, ಮಳೆ ಬಂದರೆ ಭಯ, ಈಜಲು ಹಿಂಜರಿಕೆ. ನಿನ್ನ ಕೂದಲು ಇದ್ದ ಹಾಗೆ ಇದ್ದರೆ ಚರ್ಚಿಗೂ ಕೆಲಸಕ್ಕೂ ಲಾಯಕ್ಕಲ್ಲ ಎಂಬ ಪಾಠವನ್ನು ಪುಟ್ಟ ಹುಡುಗಿ ಒಲೆಯ ಪಕ್ಕದಲ್ಲೇ ಕಲಿಯುತ್ತಿದ್ದಳು. ವೈದ್ಯರೂ ಒಂದು ಹೊತ್ತು ಬಾಚಣಿಗೆಯನ್ನೇ ದೂರಿದರು. ನಡುನೆತ್ತಿಯಿಂದ ಶುರುವಾಗಿ ಸುತ್ತಲೂ ಹರಡುವ ಒಂದು ಬಗೆಯ ಬೋಳುತನಕ್ಕೆ 1968ರಲ್ಲಿ ಬಾಚಣಿಗೆಯ ಹೆಸರನ್ನೇ ಇಟ್ಟರು. ಬಿಸಿ ಎಣ್ಣೆ ಕೂದಲಿನ ಬುಡಕ್ಕೆ ಇಳಿದು ಹಾಳು ಮಾಡುತ್ತದೆ ಎಂಬುದು ಅವರ ಊಹೆ. ಆದರೆ ಬಾಚಣಿಗೆಯನ್ನು ಮುಟ್ಟದ ಹೆಂಗಸರಲ್ಲೂ ಅದೇ ರೋಗ ಕಂಡಾಗ ಹೆಸರು ಬದಲಾಯಿತು.

ಬಾಚಣಿಗೆಯ ಆಯ್ಕೆ ಬೆರಳಿನ ತಿಳಿವಳಿಕೆ ಎಂದೆವು. ಕೂದಲನ್ನು ದೂರದಿಂದ ನೋಡಿ ತೀರ್ಪು ಕೊಟ್ಟವರ ಚರಿತ್ರೆಯೂ ಇದೆ. ದಕ್ಷಿಣ ಆಫ್ರಿಕದಲ್ಲಿ 1950ರಲ್ಲಿ ಪ್ರತಿಯೊಬ್ಬರನ್ನೂ ಬಣ್ಣದ ಪ್ರಕಾರ ನೋಂದಾಯಿಸುವ ಕಾನೂನು ಬಂತು. ಯಾರು ಯಾವ ವರ್ಗ ಎಂದು ಅನುಮಾನ ಬಂದರೆ ಕೂದಲಿನೊಳಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. ಯಾವ ಬೀದಿಯಲ್ಲಿ ವಾಸ, ಯಾವ ಶಾಲೆ, ಯಾರೊಂದಿಗೆ ಮದುವೆ ಎಂಬುದನ್ನೆಲ್ಲ ಒಂದು ಪೆನ್ಸಿಲ್ ತೀರ್ಮಾನಿಸಬಹುದಿತ್ತು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆಯ ಸಿದ್ದಿಗಳಿಗೂ ಇಂಥ ನೋಟ ಹೊಸದಲ್ಲ. ಅವರ ಹಿರಿಯರು ಪೂರ್ವ ಆಫ್ರಿಕದಿಂದ ಬಂದು ಶತಮಾನಗಳೇ ಕಳೆದಿವೆ. ಆದರೂ ಕೂದಲು ನೋಡಿ, ಯಾವ ದೇಶ ಎಂದು ಕೇಳುವವರು ಈಗಲೂ ಇದ್ದಾರೆ. ಕೇಳಿಸಿಕೊಂಡವರು ಕನ್ನಡದಲ್ಲೋ ಕೊಂಕಣಿಯಲ್ಲೋ ಉತ್ತರ ಕೊಡುತ್ತಾರೆ.

1960ರ ದಶಕದ ಕೊನೆಗೆ ಅಮೆರಿಕದಲ್ಲಿ ಗಾಳಿ ಬದಲಾಯಿತು. ಸುರುಳಿಯನ್ನು ಸುರುಳಿಯಾಗಿಯೇ ಬೆಳೆಸಿ, ತಲೆಯ ಸುತ್ತ ದುಂಡಗೆ ಬಿಡುವ ಆಫ್ರೋ ಹೋರಾಟದ ಗುರುತಾಯಿತು. ಆಂಜೆಲಾ ಡೇವಿಸ್‌ರ ಚಿತ್ರ ಗೋಡೆ ಗೋಡೆಗಳ ಮೇಲೆ ಬಂತು. ಆದರೆ ಕಚೇರಿಗಳ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ. ವಿಮಾನಯಾನ ಕಂಪನಿಯ ಉದ್ಯೋಗಿ ರೆನೀ ರಾಜರ್ಸ್ ಸಾಲುಜಡೆ ಹೆಣೆದುಕೊಂಡು ಕೆಲಸಕ್ಕೆ ಬರುವ ಹಕ್ಕಿಗಾಗಿ ಕೋರ್ಟಿಗೆ ಹೋದರೆ, 1981ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. ಕೂದಲಿನ ಸಹಜ ಗುಣಕ್ಕೂ ಹೆಣಿಗೆಗೂ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡುವಂತಿಲ್ಲ ಎಂಬ 'ಕ್ರೌನ್' ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ಮೊದಲು ತಂದದ್ದು 2019ರಲ್ಲಿ. ಬೇರೆ ರಾಜ್ಯಗಳೂ ಹಿಂಬಾಲಿಸಿದವು. ದೇಶಕ್ಕೆಲ್ಲ ಅನ್ವಯಿಸುವ ಮಸೂದೆಯನ್ನು 2022ರಲ್ಲಿ ಕೆಳಮನೆ ಒಪ್ಪಿತು, ಸೆನೆಟ್ಟಿನಲ್ಲಿ ಅದು ದಾಟಲಿಲ್ಲ.

ಈ ನಡುವೆ ಬಾಚಣಿಗೆಗೆ ಪೈಪೋಟಿ ಬಂದಿತ್ತು. ಗಂಡಸರು ಕಾಸ್ಟಿಕ್ ಸೋಡಾ ಬೆರೆಸಿದ ಲೇಪ ಹಚ್ಚಿ, ನೆತ್ತಿ ಉರಿಸಿಕೊಂಡು ಕೂದಲು ನೇರ ಮಾಡಿಕೊಳ್ಳುತ್ತಿದ್ದರು. ತಾನೂ ಹಾಗೆ ಮಾಡಿಕೊಂಡಿದ್ದನ್ನು ಮಾಲ್ಕಂ ಎಕ್ಸ್ ತನ್ನ ಆತ್ಮಕಥೆಯಲ್ಲಿ ನಾಚಿಕೆಯಿಂದ ನೆನೆದಿದ್ದಾರೆ. ಮುಂದೆ ಅಂಥ ಲೇಪಗಳು ಡಬ್ಬಿಗಳಲ್ಲಿ ಹೆಂಗಸರ ಕೈಗೂ ಬಂದವು. ಇವು ಗಂಧಕದ ಬಂಧವನ್ನೇ ಮುರಿಯುತ್ತವೆ, ತೊಳೆದರೆ ಹೋಗುವುದಿಲ್ಲ. ಅದೂ ಬೇಡವೆಂದವರಿಗೆ ಬೇರೆಯವರ ಕೂದಲನ್ನೇ ಜೋಡಿಸಿ ಹೊಲಿಯುವ ವಿದ್ಯೆ ಬಂತು.

ಬೇರೆಯವರು ಅಂದರೆ ಯಾರು? ಇಲ್ಲಿ ದಾರಿ ನಮ್ಮ ಕೊಪ್ಪಳಕ್ಕೆ ಬರುತ್ತದೆ. ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಬೀದಿಯಲ್ಲಿ ಬರುವ ಕೂದಲಿನವನಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಪಡೆಯುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಅಂಥ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದು ಬೀಳುತ್ತದೆ. ಅಲ್ಲಿ ಹೆಂಗಸರು ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ವಿಗ್ ತಯಾರಿಸುವ ದೇಶಗಳಿಗೆ ಹೋಗುತ್ತದೆ. ತಿರುಮಲೆಯಲ್ಲಿ ಮುಡಿ ಕೊಟ್ಟ ಕೂದಲೂ ಹರಾಜಾಗಿ ಇದೇ ಪೇಟೆ ಸೇರುತ್ತದೆ. ಒಂದು ಕಡೆ ಬಡ ಹೆಂಗಸಿನ ಬೆರಳು ಸಿಕ್ಕು ಬಿಡಿಸುತ್ತದೆ, ಇನ್ನೊಂದು ಕಡೆ ಇನ್ನೊಬ್ಬಾಕೆಯ ಬೆರಳು ಅದನ್ನು ಹೊಲಿಯುತ್ತದೆ. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲ.

ಕಾದ ಬಾಚಣಿಗೆ ಇನ್ನೂ ಹೋಗಿಲ್ಲ. ರಾಸಾಯನಿಕ ಬೇಡವೆಂದು ಸಹಜ ಕೂದಲಿಗೆ ಮರಳಿದವರಲ್ಲಿ ಕೆಲವರು ಅಪರೂಪಕ್ಕೊಮ್ಮೆ ಇದನ್ನು ಹಿಡಿಯುತ್ತಾರೆ. ಒಂದು ವಾರ ನೇರ ಕೂದಲು, ತೊಳೆದ ಮೇಲೆ ಮತ್ತೆ ಸುರುಳಿ. ಇವರ ಅಜ್ಜಿಯರಿಗೂ ಬಾಚಣಿಗೆಯ ಹಲ್ಲು, ಲೋಹ, ಬಿಸಿಯ ಹದ ಆರಿಸುವ ಜಾಣ್ಮೆ ಇತ್ತು. ಬಾಚಣಿಗೆಯೇ ಬೇಡ ಅನ್ನುವ ಅವಕಾಶ ಇರಲಿಲ್ಲ, ಅಂದರೆ ಕೆಲಸ ಹೋಗುತ್ತಿತ್ತು. ಮೊಮ್ಮಕ್ಕಳಿಗೆ ಆ ಅವಕಾಶ ಈಗ ಅಷ್ಟಿಷ್ಟು ಸಿಕ್ಕಿದೆ, ಅದೂ ಕೋರ್ಟು, ಶಾಸನಸಭೆ ಸುತ್ತಿದ ಮೇಲೆ.

ಯಾರದೋ ಹಿಡಿತದಲ್ಲಿ ಸಿಕ್ಕಿಬಿದ್ದವರನ್ನು ಕಂಡರೆ, ಅವರ ಜುಟ್ಟು ಇನ್ನೊಬ್ಬರ ಕೈಯಲ್ಲಿದೆ ಎನ್ನುತ್ತೇವೆ ನಾವು. ಯಾವ ಕೂದಲಿಗೆ ಯಾವ ಬಾಚಣಿಗೆ ಎಂದು ಯಾರಾದರೂ ಕೇಳಿದರೆ ಹೇಳಬೇಕಾದ್ದು ಇಷ್ಟು: ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿ, ತೆಳುವಾಗಿದ್ದರೆ ಬಿಸಿ ಇಳಿಸಿ, ದಟ್ಟವಾಗಿದ್ದರೆ ಅಗಲ ಹಲ್ಲಿನದು ತಗೊಳ್ಳಿ, ಬಿಳಿ ಕಾಗದದ ಮೇಲೆ ಒತ್ತಿ ನೋಡದೆ ತಲೆಗೆ ತಾಗಿಸಬೇಡಿ. ಬಾಚಣಿಗೆ ಹಿಡಿಯಬೇಕೋ ಬೇಡವೋ ಎಂಬುದನ್ನು ಮಾತ್ರ ಆ ಕೂದಲು ಯಾರ ತಲೆಯ ಮೇಲಿದೆಯೋ ಅವರನ್ನೇ ಕೇಳಿ.